ಕೊಟ್ಟವರು, ಕಾಯ್ದವರು

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಸಾಗುವ ರೈಲುಹಾದಿಯ ಮೇಲೆ, ಕುಂದಗೋಳ ತಾಲೂಕಿನ ಎರೆಯ ಬಯಲಿನ ನಡುವೆ ಇರುವ ಗುಡಗೇರಿಯು, ಹತ್ತಿ ಮೆಣಸಿನಕಾಯಿಗಳನ್ನು ಬೆಳೆಯುವ ಆ ಸೀಮೆಯ ಉಳಿದ ಊರುಗಳಂತೆಯೇ ಒಂದು ಊರೆಂದು ದಾರಿಹೋಕನಿಗೆ ತೋರಬಹುದಾದರೂ, ಬರೆದುದನ್ನು ಮನುಷ್ಯನು ಹೇಗೆ ಉಳಿಸಿಕೊಂಡು ಬಂದನೆಂಬುದರ ಚರಿತ್ರೆಯನ್ನು ಹೇಳಹೊರಟವನು ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಶಕವರ್ಷ 998ರಲ್ಲಿ, ಎಂದರೆ ಕ್ರಿ.ಶ. 1076ರ ಸುಮಾರಿನಲ್ಲಿ, ಕಲ್ಯಾಣದ ಸಿಂಹಾಸನವು ಭುವನೈಕಮಲ್ಲ ಸೋಮೇಶ್ವರನಿಂದ ಅವನ ತಮ್ಮನಾದ ಆರನೆಯ ವಿಕ್ರಮಾದಿತ್ಯನಿಗೆ ಸಂದ ಸಂಧಿಕಾಲದಲ್ಲಿ, ಇಲ್ಲಿ ಒಂದು ಶಿಲಾಶಾಸನವು ಹುಟ್ಟಿತು. ಶ್ರೀನಂದಿ ಪಂಡಿತನೆಂಬ ಜೈನಾಚಾರ್ಯನು ಈ ಊರಿನ ಭೂಮಿಯನ್ನು ತನ್ನ ವಶಕ್ಕೆ ತಂದುಕೊಂಡ ಸಂಗತಿಯೂ, ಅದರಲ್ಲಿ ಕೆಲವಂಶವನ್ನು ಮುನಿಗಳ ಆಹಾರದಾನಕ್ಕೆಂದು ತನ್ನ ಶಿಷ್ಯನಾದ ಸಿಂಗಯ್ಯನಿಗೆ ವಹಿಸಿದ ಸಂಗತಿಯೂ ಅದರಲ್ಲಿ ಹೇಳಲ್ಪಟ್ಟಿವೆ. ಆದರೆ ನಮ್ಮ ಪ್ರಸ್ತುತ ವಿಷಯಕ್ಕೆ ಇವೆರಡಕ್ಕಿಂತಲೂ ಮುಖ್ಯವಾದುದು, ಆಚಾರ್ಯನು ತನ್ನ ಹಕ್ಕಿಗೆ ತೋರಿಸಿದ ಆಧಾರ. ಚಾಲುಕ್ಯ ಚಕ್ರವರ್ತಿಯಾದ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿಯು ಪುರಿಗೆರೆಯಲ್ಲಿ, ಎಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಕಟ್ಟಿಸಿದ ಆನೆಸೆಜ್ಜೆಯ ಬಸದಿಗೆ ಈ ಭೂಮಿಯು ತಾಮ್ರಶಾಸನದ ಮೂಲಕ ಸೇರಿದುದೆಂದು ಆ ಕಲ್ಲು ಸಾರುತ್ತದೆ. ವಿಜಯಾದಿತ್ಯನು ಬಾದಾಮಿಯಿಂದ ಆಳಿದ್ದು 696ರಿಂದ 733ರವರೆಗೆ. ಅಂದಮೇಲೆ, ಬಾದಾಮಿಯ ಅರಸರು ಅಳಿದು ರಾಷ್ಟ್ರಕೂಟರು ಬಂದು, ಅವರೂ ಅಳಿದು ಕಲ್ಯಾಣದವರು ತಲೆಯೆತ್ತಿ ನೂರು ವರ್ಷ ಕಳೆದ ಮೇಲೆಯೂ, ಸುಮಾರು ಮುನ್ನೂರೈವತ್ತು ವರ್ಷಗಳಷ್ಟು ಹಳೆಯದಾದ ದಾಖಲೆಯೊಂದನ್ನು ಆಧಾರವಾಗಿ ಹಿಡಿದು ಮಾತನಾಡಬಲ್ಲ ಮನುಷ್ಯನೊಬ್ಬನು ಈ ಸೀಮೆಯಲ್ಲಿದ್ದನೆಂದು ತಿಳಿಯಬೇಕು.

ಇಷ್ಟಕ್ಕೇ ನಿಂತಿದ್ದರೆ ಆ ತಾಮ್ರಶಾಸನದ ಮಾತು, ನಂಬುವವರು ನಂಬಲಿ ಬಿಡುವವರು ಬಿಡಲಿ ಎಂಬಂತೆ, ಕಲ್ಲಿನ ಮೇಲಿನ ಒಂದು ಉಲ್ಲೇಖವಾಗಿಯೇ ಉಳಿಯುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ, ಇಲ್ಲಿಗೆ ಬಹು ದೂರವಲ್ಲದ ಶಿಗ್ಗಾಂವಿಯ ಹೆಸರಿನಿಂದ ಪ್ರಸಿದ್ಧವಾದ ತಾಮ್ರಪಟಗಳು ವಿದ್ವಾಂಸರ ಕೈಗೆ ಬಂದು, ಎಪಿಗ್ರಾಫಿಯಾ ಇಂಡಿಕಾದ 32ನೆಯ ಸಂಪುಟದಲ್ಲಿ ಅಚ್ಚಾದವು. ಶಕವರ್ಷ 630ರ ಆ ಪಟಗಳಲ್ಲಿ, ವಿಜಯಾದಿತ್ಯನು ಆಳುಪ ಅರಸನಾದ ಚಿತ್ರವಾಹನನ ವಿಜ್ಞಾಪನೆಯನ್ನು ಮನ್ನಿಸಿ, ಕುಂಕುಮದೇವಿಯು ಪುರಿಗೆರೆಯಲ್ಲಿ ಕಟ್ಟಿಸಿದ ಜಿನಭವನಕ್ಕೆ ಗುಡ್ಡಿಗೆರೆ, ಎಂದರೆ ಇದೇ ಗುಡಗೇರಿ, ಎಂಬ ಗ್ರಾಮವನ್ನು ದಾನವಿತ್ತನೆಂದಿದೆ. ಹೀಗೆ ಉಲ್ಲೇಖವೂ ಉಲ್ಲೇಖಿತವಾದ ದಾನವೂ, ಒಂದು ಕಲ್ಲಿನಲ್ಲಿ ಇನ್ನೊಂದು ತಾಮ್ರದಲ್ಲಿ, ಬೇರೆ ಬೇರೆ ಹಾದಿಗಳಲ್ಲಿ ಕಾಲವನ್ನು ದಾಟಿ, ಒಂಬೈನೂರು ವರ್ಷಗಳಿಗೆ ಸಮೀಪವಾದ ಅಂತರದ ತರುವಾಯ ಗ್ರಂಥಾಲಯದ ಮೇಜಿನ ಮೇಲೆ ಒಂದನ್ನೊಂದು ಸಮರ್ಥಿಸಿದವು. ಇಂದಿನ ವಿದ್ವತ್ ಪತ್ರಿಕೆಯ ಪ್ರತಿಯೊಂದು ಲೇಖನವೂ ತನ್ನ ಅಡಿಟಿಪ್ಪಣಿಗಳಲ್ಲಿ ಇಂಥ ಭರವಸೆಯನ್ನೇ ಓದುಗನಿಗೆ ಕೊಡುತ್ತದೆ: ನಾನು ಹೇಳಿದ್ದಕ್ಕೆ ಆಧಾರವು ಅಲ್ಲಿದೆ, ಹೋಗಿ ನೋಡು, ಎಂದು. ಹೋಗಿ ನೋಡಿದಾಗ ಅಲ್ಲಿ ಏನೂ ಇಲ್ಲದಿದ್ದರೆ ವಿದ್ಯೆಯ ವ್ಯವಹಾರವೇ ನಿಂತುಹೋಗುತ್ತದೆ. ಈ ಭರವಸೆಯು ತಾಮ್ರ ಕಲ್ಲುಗಳಿಂದ ಕಾಗದಕ್ಕೆ, ಕಾಗದದಿಂದ ಗಣಕಯಂತ್ರಕ್ಕೆ ದಾಟಿದ ಬಗೆಯನ್ನೂ, ಕಡೆಯ ದಾಟಿನಲ್ಲಿ ಅದು ಎಷ್ಟರಮಟ್ಟಿಗೆ ಸಡಿಲವಾಯಿತೆಂಬುದನ್ನೂ ಕ್ರಮವಾಗಿ ನೋಡೋಣ.

ನಮ್ಮ ಪೂರ್ವಿಕರಿಗೆ ಈ ಸಮಸ್ಯೆ ತಿಳಿಯದುದಾಗಿರಲಿಲ್ಲ. ದಾನಶಾಸನಗಳನ್ನು ಓದಿ ಬಲ್ಲವರೆಲ್ಲರೂ ಅರಿತಿರುವಂತೆ, ಅವುಗಳ ಕೊನೆಯಲ್ಲಿ ಬರುವ ಶಾಪಾಶಯದ ಭಾಗದಲ್ಲಿ, ದಾನ ಮಾಡುವುದು ಮತ್ತು ಅನ್ಯರು ಮಾಡಿದ ದಾನವನ್ನು ಕಾಪಾಡುವುದು ಈ ಎರಡರಲ್ಲಿ ಕಾಪಾಡುವುದೇ ಹೆಚ್ಚಿನದೆಂಬ ಅಭಿಪ್ರಾಯವು ಮತ್ತೆ ಮತ್ತೆ ಕಾಣಬರುತ್ತದೆ. ಕೊಡುವವನಿಗೆ ಒಂದು ದಿನದ ಔದಾರ್ಯ ಸಾಕು. ಕಾಯುವವನಿಗೆ ತಲೆಮಾರುಗಳ ತಾಳ್ಮೆ ಬೇಕು. ಅಲ್ಲದೆ ಕಾಯುವವನ ಹೆಸರು ಶಾಸನದಲ್ಲಿ ಇರುವುದೂ ಇಲ್ಲ. ವಿದ್ಯೆಯ ವಿಷಯದಲ್ಲಿ ಈ ಎರಡೂ ಪುಣ್ಯಗಳನ್ನು ಒಟ್ಟಿಗೆ ಗಳಿಸಿದವಳು, ಗುಡಗೇರಿಯಿಂದ ಹೆಚ್ಚು ದೂರವಲ್ಲದ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣವು ನಷ್ಟವಾಗಬಾರದೆಂದು ಅವಳು ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಕಥೆ ಕನ್ನಡಿಗರಿಗೆಲ್ಲ ಪರಿಚಿತವಾಗಿದ್ದರೂ, ಅದನ್ನು ಧರ್ಮಶ್ರದ್ಧೆಯ ದೃಷ್ಟಾಂತವಾಗಿ ಹೇಳುವಷ್ಟು ರಕ್ಷಣಾನೀತಿಯ ದೃಷ್ಟಾಂತವಾಗಿ ನಾವು ಹೇಳುವುದಿಲ್ಲ. ಓಲೆಗರಿಯು ಗೆದ್ದಲಿಗೆ, ಬೆಂಕಿಗೆ, ಮಳೆಗೆ ಸುಲಭವಾದ ತುತ್ತು; ಅದನ್ನು ಕಬ್ಬಿಣವಾಗಿ ಮಾಡುವ ಉಪಾಯವಿಲ್ಲ; ಆದರೆ ಸಾವಿರ ಊರುಗಳಲ್ಲಿರುವ ಸಾವಿರ ಪ್ರತಿಗಳು ಒಂದೇ ಬೆಂಕಿಗೆ ಸಿಕ್ಕುವಂತಿಲ್ಲ ಎಂಬುದನ್ನು ಆ ಮಹಾತಾಯಿ ಕಂಡುಕೊಂಡಿದ್ದಳು.

ಇದಕ್ಕೆ ವಿರುದ್ಧವಾದ ನೀತಿಯ ಉದಾಹರಣೆಯೂ ನಮ್ಮ ನಾಡಿನಲ್ಲಿಯೇ ಇದೆ. ದಿಗಂಬರ ಜೈನರ ಪರಮಾಗಮವಾದ ಷಟ್ಖಂಡಾಗಮದ ಧವಲಾ ಟೀಕೆಯು, ಹಳಗನ್ನಡ ಲಿಪಿಯ ಓಲೆಗಳಲ್ಲಿ, ಮೂಡಬಿದಿರೆಯ ಬಸದಿಯೊಂದರ ಭಂಡಾರದಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದಿತು. ದರ್ಶನಕ್ಕೆ ಬಂದವರು ಕೈಮುಗಿಯಬಹುದಾಗಿತ್ತೇ ಹೊರತು ಓದುವಂತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಲೇಖನವು ಆರಂಭವಾಗಿ, ಅದು ಮುಗಿಯಲು ದಶಕಗಳೇ ಹಿಡಿದು, ಅದರ ಒಂದು ಪ್ರತಿಯು ಗುಟ್ಟಾಗಿ ಹೊರಗೆ ಹೋಗಿ, ಕಡೆಗೆ 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದರ ಮೊದಲನೆಯ ಸಂಪುಟವು ಮುದ್ರಿತವಾಯಿತು. ಭಂಡಾರವನ್ನು ಕಾಯ್ದವರ ನಿಷ್ಠೆಯನ್ನು ಅಲ್ಲಗಳೆಯಲಾಗದು. ಅವರಿಲ್ಲದಿದ್ದರೆ ಗ್ರಂಥವೇ ಇರುತ್ತಿರಲಿಲ್ಲ. ಆದರೆ ಒಂದೇ ಎಡೆಯಲ್ಲಿ ಬೀಗದೊಳಗಿದ್ದ ಆ ಗ್ರಂಥವು ಉಳಿದು ಬಂದುದು ವ್ಯವಸ್ಥೆಯ ಫಲವೆನ್ನುವುದಕ್ಕಿಂತ ಭಾಗ್ಯದ ಫಲವೆನ್ನುವುದೇ ಸರಿ.

ಇನ್ನು ಕಾಗದದ ಯುಗಕ್ಕೆ ಬರೋಣ. 1824ರ ಕಿತ್ತೂರಿನ ಸಂಗ್ರಾಮದಲ್ಲಿ ಕಲೆಕ್ಟರ್ ಥ್ಯಾಕರೆ ಹತನಾದಾಗ, ರಾಣಿ ಚೆನ್ನಮ್ಮನ ಸೆರೆಯಾಳುಗಳಾದವರಲ್ಲಿ ವಾಲ್ಟರ್ ಎಲಿಯಟ್ ಎಂಬ ಇಪ್ಪತ್ತೊಂದು ವರ್ಷದ ತರುಣ ಅಧಿಕಾರಿಯೂ ಒಬ್ಬನಾಗಿದ್ದನು. ಬಿಡುಗಡೆಯ ಅನಂತರ ಈ ಪ್ರಾಂತದಲ್ಲಿಯೇ ವರ್ಷಗಳ ಕಾಲ ಇದ್ದ ಈತನು, ಊರೂರಿನ ಶಾಸನಗಳನ್ನು ನಮ್ಮ ಜನರ ಕೈಯಿಂದಲೇ ನಕಲು ಮಾಡಿಸಿ, 595 ಶಾಸನಗಳ ಹಸ್ತಪ್ರತಿ ಸಂಗ್ರಹವನ್ನು ಸಿದ್ಧಪಡಿಸಿ, ಅದರ ಪ್ರತಿಯನ್ನು ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಗೆ ಒಪ್ಪಿಸಿದನು. 1837ರಲ್ಲಿ ಆ ಸೊಸೈಟಿಯ ಪತ್ರಿಕೆಯಲ್ಲಿ ಆತನ ಪ್ರಬಂಧವು ಪ್ರಕಟವಾಯಿತು. ಚಾಲುಕ್ಯ ವಂಶದ ಅನುಕ್ರಮವು ಆಧುನಿಕ ಇತಿಹಾಸಕಾರರಿಗೆ ಮೊದಲಿಗೆ ತಿಳಿದದ್ದು ಹೀಗೆ. ಆತನಿಗಾಗಿ ಬಿಸಿಲಿನಲ್ಲಿ ಕುಳಿತು ಅಕ್ಷರ ಬಿಡಿಸಿದ ಕಾರಕೂನರ ಹೆಸರುಗಳು ಪ್ರಬಂಧದ ಶಿರೋಭಾಗದಲ್ಲಿ ಇಲ್ಲ.

ಎಲಿಯಟ್ಟನ ಸಂಗ್ರಹವನ್ನು ಬಳಸಿಕೊಂಡು, ಅದನ್ನು ತಿದ್ದಿ, ಅದಕ್ಕಿಂತ ಬಹು ಮುಂದೆ ಹೋದವನು ಜಾನ್ ಫೇತ್‌ಫುಲ್ ಫ್ಲೀಟ್. ಮುಂಬಯಿ ಸರಕಾರದ ನೌಕರನಾಗಿ ಕನ್ನಡ ಜಿಲ್ಲೆಗಳಲ್ಲಿ ತಿರುಗಾಡಿದ, 1882ರಲ್ಲಿ ಈ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಗ್ರಂಥವನ್ನು ಬರೆದ ಈತನಿಗೆ, ಕಣ್ಣಿನಿಂದ ಓದಿ ಕೈಯಿಂದ ಬರೆದ ನಕಲುಗಳಲ್ಲಿ ವಿಶ್ವಾಸವು ಸಾಲದೆ, ಕಲ್ಲಿನಿಂದಲೇ ನೇರವಾಗಿ ಪಡಿಯಚ್ಚು ತೆಗೆಯುವ ಕ್ರಮದ ಮೇಲೆ ಒತ್ತು ಇದ್ದಿತು. ಮೊದಲು ಶಾಸನದ ಕಲ್ಲನ್ನು ನೀರಿನಿಂದ ಕುಂಚದಿಂದ ಉಜ್ಜಿ, ಅಕ್ಷರದ ಗುಳಿಗಳಲ್ಲಿ ಸೇರಿಕೊಂಡ ಮಣ್ಣು, ಎಣ್ಣೆಯ ಜಿಡ್ಡು, ಸುಣ್ಣವನ್ನೆಲ್ಲ ತೆಗೆಯಬೇಕು. ಒದ್ದೆಮಾಡಿದ ತೆಳುವಾದ ಕಾಗದವನ್ನು ಅದರ ಮೇಲೆ ಸುಕ್ಕಿಲ್ಲದಂತೆ ಹಾಸಿ, ಗಡುಸಾದ ಕುಂಚದಿಂದ ಹದವಾಗಿ ಬಡಿಯುತ್ತ ಬಂದರೆ ಕಾಗದವು ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಆಮೇಲೆ ಮಸಿಯ ಉಂಡೆಯನ್ನು ಮೇಲಿಂದ ಮೇಲೆ ಒತ್ತುತ್ತ ಹೋದಂತೆ, ಕಲ್ಲಿನ ಮೈ ಕಪ್ಪಾಗಿಯೂ ಅಕ್ಷರಗಳು ಬಿಳಿದಾಗಿಯೂ ಮೂಡುತ್ತವೆ. ಒಣಗಿದ ಮೇಲೆ ಹರಿಯದಂತೆ ಬಿಡಿಸಿಕೊಂಡರೆ, ಎತ್ತಿನ ಗಾಡಿಗೂ ಜಗ್ಗದ ಬಂಡೆಯ ಮಾತು ಅಂಚೆಯಲ್ಲಿ ಕಳುಹಿಸಬಹುದಾದ ಸುರುಳಿಯಾಗುತ್ತದೆ. ಗುಡಗೇರಿಯ ಜೈನ ಶಾಸನವು ಹೀಗೆ ಫ್ಲೀಟನಿಂದ ಸಂಪಾದಿತವಾಗಿ, ಪಾಠ, ಅನುವಾದ, ಟಿಪ್ಪಣಿಗಳೊಡನೆ, 1889ರ ಇಂಡಿಯನ್ ಆಂಟಿಕ್ವರಿಯ 18ನೆಯ ಸಂಪುಟದಲ್ಲಿ ಪ್ರಕಟವಾಯಿತು. ಜೇಮ್ಸ್ ಬರ್ಜೆಸ್ಸನು 1872ರಲ್ಲಿ ಮುಂಬಯಿಯಲ್ಲಿ ಹೊರಡಿಸಿದ್ದ ಆ ಪತ್ರಿಕೆಯನ್ನು ಆಗ ಫ್ಲೀಟನೇ ರಿಚರ್ಡ್ ಟೆಂಪಲ್ಲನೊಡನೆ ಸಂಪಾದಿಸುತ್ತಿದ್ದನು.

ಆ ಸಂಪುಟದ ಮುಂದಿನ ಗತಿಯನ್ನು ಗಮನಿಸಿದರೆ, ಅಚ್ಚಿನ ಯುಗದ ಪತ್ರಿಕೆಗಳು ಹೇಗೆ ಉಳಿದುವೆಂಬುದು ತಿಳಿಯುತ್ತದೆ. ಅದು ಮುಂಬಯಿ, ಕಲಕತ್ತೆ, ಮದರಾಸು, ಲಂಡನ್ ಮೊದಲಾದ ನಗರಗಳ ಗ್ರಂಥಾಲಯಗಳಿಗೆ ಚಂದಾದಾರಿಕೆಯ ಮೂಲಕ ಹೋಗಿ, ರಟ್ಟಿನ ಬೈಂಡು ತೊಟ್ಟು, ಕಪಾಟು ಸೇರಿತು. ಗ್ರಂಥಪಾಲಕರಲ್ಲಿ ಯಾರೂ ಜಗತ್ತಿನ ವಿದ್ಯೆಯನ್ನು ಸಂರಕ್ಷಿಸುತ್ತಿದ್ದೇವೆಂದು ಭಾವಿಸಿರಲಿಕ್ಕಿಲ್ಲ; ತಂತಮ್ಮ ಓದುಗರಿಗೆ ಬೇಕೆಂದು ಕೊಂಡರು, ಕೊಂಡ ವಸ್ತುವನ್ನು ಜೋಪಾನ ಮಾಡಿದರು. ಆದರೆ ಪರಸ್ಪರ ಪರಿಚಯವಿಲ್ಲದ ನೂರಾರು ಮಂದಿಯ ಈ ಜೋಪಾನವೇ ಒಟ್ಟುಗೂಡಿ, ಅತ್ತಿಮಬ್ಬೆಯ ಸಾವಿರ ಪ್ರತಿಗಳ ಕೆಲಸವನ್ನು, ಅತ್ತಿಮಬ್ಬೆಯ ಸಂಕಲ್ಪವಿಲ್ಲದೆಯೇ, ನಡೆಸಿತು. ಪತ್ರಿಕೆ 1933ರಲ್ಲಿ ನಿಂತುಹೋಯಿತು. ಸಂಪಾದಕರೂ ಪ್ರಕಾಶಕರೂ ಗತಿಸಿದರು. ಸಂಪುಟಗಳು ಮಾತ್ರ ಉಳಿದವು. ಧಾರವಾಡದಲ್ಲಿಯೂ ಇದೇ ನಡೆಯಿತು. 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು 1896ರಿಂದ ಹೊರಡಿಸಿದ ವಾಗ್ಭೂಷಣವಾಗಲಿ, 1939ರಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆಯು ಪ್ರಕಟಿಸಿದ ಶಾಸನ ಸಂಪುಟಗಳಾಗಲಿ ಇಂದು ನಮಗೆ ದೊರೆಯುವುದಾದರೆ, ಅದು ಹಳ್ಳಿಯ ವಾಚನಾಲಯಗಳೂ, ಶಿಕ್ಷಕರ ಮನೆಯ ಕಪಾಟುಗಳೂ, ಮಠಗಳ ಪುಸ್ತಕಭಂಡಾರಗಳೂ ಕೂಡಿ ಮಾಡಿದ ಉಪಕಾರ.

ಗಣಕಯಂತ್ರದ ಯುಗವು ಈ ವ್ಯವಸ್ಥೆಗೆ ತಂದ ಪಲ್ಲಟವು, ಬಂದಾಗ ಪಲ್ಲಟವೆಂದು ಕಾಣಲಿಲ್ಲ; ಶುದ್ಧ ಲಾಭವೆಂದೇ ಕಂಡಿತು. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಅಮೆರಿಕದ ಭೌತವಿಜ್ಞಾನಿಯು, ಅಚ್ಚಾಗುವ ಮೊದಲೇ ಲೇಖನಗಳನ್ನು ಸಹೋದ್ಯೋಗಿಗಳು ಪರಸ್ಪರ ಓದಿಕೊಳ್ಳಲೆಂದು ಆರಂಭಿಸಿದ ಅರ್ಕೈವ್ ಭಂಡಾರವು ಈ ಮಾರ್ಗದ ಮೊದಲ ಮೈಲಿಗಲ್ಲು. 2002ರ ಫೆಬ್ರವರಿಯಲ್ಲಿ ಪ್ರಕಟವಾದ ಬುಡಾಪೆಸ್ಟ್ ಘೋಷಣೆಯು, ವಿದ್ವಾಂಸರು ಹಣದ ಆಸೆಯಿಲ್ಲದೆ ಬರೆದುಕೊಡುವ ಲೇಖನಗಳನ್ನು ಓದುಗರೂ ಹಣ ಕೊಡದೆ ಓದುವಂತಾಗಬೇಕೆಂದು ಸಾರಿ, ಮುಕ್ತ ಪ್ರವೇಶವೆಂಬ ತತ್ತ್ವಕ್ಕೆ ಹೆಸರು ಕೊಟ್ಟಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಟಿ. ಬಿ. ರಾಜಶೇಖರ್ ಅವರ ಮುಂದಾಳುತನದಲ್ಲಿ, ಆ ಸಂಸ್ಥೆಯ ಸಂಶೋಧಕರ ಲೇಖನಗಳನ್ನೆಲ್ಲ ಕೂಡಿಸಿಡುವ ಇ-ಪ್ರಿಂಟ್ಸ್ ಭಂಡಾರವು ತೆರೆಯಿತು. ಭಾರತದಲ್ಲಿ ಈ ಜಾತಿಯ ಸಾಂಸ್ಥಿಕ ಭಂಡಾರಗಳಲ್ಲಿ ಅದೇ ಮೊದಲನೆಯದು. ಸರ್ ಸಿ. ವಿ. ರಾಮನ್ನರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು, ಮೊದಲ ಸಂಚಿಕೆಯಿಂದ ಮೊದಲುಮಾಡಿ ತನ್ನ ಪತ್ರಿಕೆಗಳ ಹಳೆಯ ಸಂಪುಟಗಳನ್ನು ಸ್ಕ್ಯಾನ್ ಮಾಡಿಸಿ ಎಲ್ಲರಿಗೂ ತೆರೆದಿಟ್ಟಿತು. ಹಿಂದೆ ನಗರದ ದೊಡ್ಡ ಗ್ರಂಥಾಲಯಕ್ಕೆ ಹೋಗದೆ ಕಣ್ಣಿಗೆ ಬೀಳದಿದ್ದ ಇಂಡಿಯನ್ ಆಂಟಿಕ್ವರಿಯ ಸಂಪುಟಗಳು ಸಹ, ಹಕ್ಕುಸ್ವಾಮ್ಯದ ಅವಧಿ ಕಳೆದು, ಇಂಟರ್ನೆಟ್ ಆರ್ಕೈವ್ ಮೊದಲಾದ ಕಡೆಗಳಲ್ಲಿ ಪುಕ್ಕಟೆಯಾಗಿ ದೊರೆಯತೊಡಗಿದವು. ಗುಡಗೇರಿಯ ಶಾಸನವನ್ನು ಗುಡಗೇರಿಯ ವಿದ್ಯಾರ್ಥಿಯು ತನ್ನ ಮೊಬೈಲಿನಲ್ಲಿ ಓದಬಹುದಾದ ಕಾಲ ಬಂದಿತು. ಈ ಉಪಕಾರವನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ.

ಆದರೆ ಈ ಸಂಭ್ರಮದ ನಡುವೆ ಒಂದು ಮಾರ್ಪಾಟು ಸದ್ದಿಲ್ಲದೆ ನಡೆದುಹೋಯಿತು. ಹಿಂದೆ ಪತ್ರಿಕೆಯನ್ನು ತರಿಸುವುದೆಂದರೆ ಅದರ ಒಂದು ಪ್ರತಿಯನ್ನು ತನ್ನದಾಗಿ ಪಡೆಯುವುದಾಗಿತ್ತು. ಈಗ ತರಿಸುವುದೆಂದರೆ ಪ್ರಕಾಶಕನ ಯಂತ್ರದಲ್ಲಿರುವ ಒಂದೇ ಪ್ರತಿಯನ್ನು ದೂರದಿಂದ ನೋಡುವ ಅನುಮತಿ ಪಡೆಯುವುದಾಯಿತು. ಹೊಲವನ್ನು ಸ್ವಂತಕ್ಕೆ ಉಳುತ್ತಿದ್ದ ರೈತನು ಲಾವಣಿಗೆ ಉಳುವವನಾದಂತೆ, ಗ್ರಂಥಾಲಯವು ತನ್ನ ಸಂಗ್ರಹದ ಒಡೆತನವನ್ನು ತಾನೇ ಅರಿಯದೆ ಬಿಟ್ಟುಕೊಟ್ಟಿತು. ಮುಕ್ತ ಪ್ರವೇಶದ ಪತ್ರಿಕೆಗಳ ವಿಷಯದಲ್ಲಿಯಂತೂ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಹಣ ಕೊಟ್ಟು ತರಿಸುವ ಪತ್ರಿಕೆಯ ಬಗ್ಗೆ, ಕೊಟ್ಟ ಹಣ ವ್ಯರ್ಥವಾಗಬಾರದೆಂಬ ಕಾರಣಕ್ಕಾದರೂ, ಗ್ರಂಥಾಲಯವು ಪ್ರಕಾಶಕನನ್ನು ಪ್ರಶ್ನಿಸುತ್ತದೆ. ಎಲ್ಲರಿಗೂ ತೆರೆದಿರುವ ಪತ್ರಿಕೆಯನ್ನು ಎಲ್ಲರೂ ಓದುತ್ತಾರೆ, ಕಾಯುವುದು ಯಾರ ಪಾಲಿಗೂ ಬರುವುದಿಲ್ಲ. ಅಂಥ ಪತ್ರಿಕೆಗಳಲ್ಲಿ ಬಹಳಷ್ಟು, ಒಬ್ಬ ಪ್ರಾಧ್ಯಾಪಕರ ಉತ್ಸಾಹದಿಂದಲೋ ಒಂದು ಚಿಕ್ಕ ಸಂಘದ ವಂತಿಗೆಯಿಂದಲೋ ನಡೆಯತಕ್ಕವು. ಪ್ರಾಧ್ಯಾಪಕರು ನಿವೃತ್ತರಾಗುತ್ತಾರೆ, ಜಾಲತಾಣದ ವಾರ್ಷಿಕ ಶುಲ್ಕವನ್ನು ಕಟ್ಟುವುದು ಮರೆತುಹೋಗುತ್ತದೆ, ಯಾವ ಬೆಂಕಿಯೂ ಬೀಳದೆ, ಯಾವ ಗೆದ್ದಲೂ ಹತ್ತದೆ, ಹತ್ತಾರು ವರ್ಷಗಳ ಸಂಚಿಕೆಗಳು ಒಂದೇ ದಿನದಲ್ಲಿ ಇಲ್ಲವಾಗುತ್ತವೆ.

ಈ ಅಪಾಯವನ್ನು ಮೊದಲಿಗೆ ಮನಗಂಡವರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಪಾಲಕಿ ವಿಕ್ಟೋರಿಯಾ ರೈಕ್ ಮತ್ತು ಗಣಕತಜ್ಞ ಡೇವಿಡ್ ರೋಸೆಂಥಾಲ್ ಇಬ್ಬರು ಮುಖ್ಯರು. 1999ರಲ್ಲಿ ಇವರು ಆರಂಭಿಸಿದ ಲಾಕ್ಸ್ ಎಂಬ ಯೋಜನೆಯ ತತ್ತ್ವವು, ಅವರಿಗೆ ಅತ್ತಿಮಬ್ಬೆಯ ಹೆಸರು ತಿಳಿದಿರಲಿ ಬಿಡಲಿ, ಅವಳದೇ ಆಗಿತ್ತು: ಹಲವು ಪ್ರತಿಗಳು, ಹಲವು ಕಡೆಗಳಲ್ಲಿ, ಹಲವರ ಒಡೆತನದಲ್ಲಿ. ಇದರಲ್ಲಿ ಭಾಗಿಯಾದ ಪ್ರತಿಯೊಂದು ಗ್ರಂಥಾಲಯವೂ, ಪ್ರಕಾಶಕನ ಒಪ್ಪಿಗೆಯಿಂದ, ಪತ್ರಿಕೆಯ ಲೇಖನಗಳನ್ನು ತನ್ನ ಯಂತ್ರದಲ್ಲಿ ತುಂಬಿಕೊಳ್ಳುತ್ತದೆ. ಗಣಕದ ಪ್ರತಿಯು ಕಾಗದದಂತೆ ಹಳದಿಗಟ್ಟಿ ಎಚ್ಚರಿಕೆ ಕೊಡುವುದಿಲ್ಲವಾದುದರಿಂದ, ಈ ಯಂತ್ರಗಳು ಆಗಿಂದಾಗ್ಗೆ ಪ್ರತಿಯೊಂದು ಲೇಖನದ ಅಕ್ಷರ ಅಕ್ಷರವನ್ನೂ ಲೆಕ್ಕಕ್ಕೆ ಹಿಡಿದು ಒಂದು ಚಿಕ್ಕ ಮುದ್ರಾಸಂಖ್ಯೆಯನ್ನು ಗುಣಿಸಿ ತೆಗೆದು, ಅದನ್ನು ಇತರ ಗ್ರಂಥಾಲಯಗಳ ಯಂತ್ರಗಳ ಸಂಖ್ಯೆಯೊಡನೆ ಹೋಲಿಸುತ್ತವೆ. ಒಂದು ಅಲ್ಪವಿರಾಮ ಕೆಟ್ಟಿದ್ದರೂ ಸಂಖ್ಯೆ ಬೇರೆಯಾಗುತ್ತದೆ. ಬಹುಮತಕ್ಕೆ ಹೊರತಾದ ಪ್ರತಿಯನ್ನು ಕೆಟ್ಟುದೆಂದು ಬಗೆದು, ಉಳಿದವುಗಳಿಂದ ಸರಿಯಾದುದನ್ನು ತಂದು ತಿದ್ದಲಾಗುತ್ತದೆ. ಓಲೆಪ್ರತಿಗಳ ಪಾಠಾಂತರಗಳನ್ನು ಪರಿಶೀಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ನಮ್ಮ ಗ್ರಂಥಸಂಪಾದಕರ ಕೆಲಸದ ಒಂದಂಶವನ್ನು ಯಂತ್ರಗಳು ಹಗಲಿರುಳು ಮಾಡುತ್ತಿರುವುದೆಂದು ಇದನ್ನು ತಿಳಿಯಬಹುದು. ಭೇದವೇನೆಂದರೆ ಸಂಪಾದಕರು ಹಾನಿಯಾದ ಶತಮಾನಗಳ ತರುವಾಯ ಬರುತ್ತಾರೆ, ಇವು ಹಾನಿಯ ಬೆನ್ನಿಗೇ ಬರುತ್ತವೆ. ಇದೇ ತಂತ್ರದಿಂದ ಹುಟ್ಟಿದ ಕ್ಲಾಕ್ಸ್ ಸಂಸ್ಥೆಯೂ, 2005ರಲ್ಲಿ ತೆರೆದ ಪೋರ್ಟಿಕೋ ಸಂಸ್ಥೆಯೂ, ಪತ್ರಿಕೆಯೊಂದು ನಿಂತು ಅದರ ತಾಣವು ಮುಚ್ಚಿಹೋದ ಪಕ್ಷದಲ್ಲಿ, ತಮ್ಮಲ್ಲಿರುವ ಪ್ರತಿಯನ್ನು ಹೊರತೆಗೆದು ಓದುಗರಿಗೆ ಕೊಡುವ ಕರಾರನ್ನು ಮಾಡಿಕೊಂಡವು.

ಆದರೂ ಈ ಕೋಟೆಗಳ ಒಳಗೆ ಬಂದವರು ಹೆಚ್ಚಾಗಿ ದೊಡ್ಡ ಪ್ರಕಾಶಕರು. ಹೊರಗೆ ಉಳಿದವರ ಗತಿಯೇನಾಯಿತೆಂಬುದನ್ನು ಮಿಕಾಯೆಲ್ ಲಾಕ್ಸೊ, ಲೀಸಾ ಮಾಥಿಯಾಸ್, ನೈಕೊ ಯಾನ್ ಎಂಬ ಮೂವರು ಸಂಶೋಧಕರು ಹುಡುಕಿಕೊಂಡು ಹೋದಾಗ, 2000ದಿಂದ 2019ರ ಒಳಗೆ 174 ಮುಕ್ತ ಪ್ರವೇಶದ ಪತ್ರಿಕೆಗಳು ಅಂತರ್ಜಾಲದಿಂದ ಕಾಣೆಯಾಗಿರುವುದು ತಿಳಿದುಬಂದಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಮಾಜವಿಜ್ಞಾನ ಮತ್ತು ಮಾನವಿಕ ವಿಷಯಗಳವು. 2024ರಲ್ಲಿ ಮಾರ್ಟಿನ್ ಈವ್ ಎಂಬ ವಿದ್ವಾಂಸರು ಡಿಒಐ ಸಂಖ್ಯೆಯುಳ್ಳ ಸುಮಾರು 74 ಲಕ್ಷ ಪ್ರಕಟಣೆಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇಕಡಾ 28ರಷ್ಟು, ಎಂದರೆ 20 ಲಕ್ಷಕ್ಕೂ ಮಿಕ್ಕವು, ಪ್ರಸಿದ್ಧವಾದ ಯಾವ ರಕ್ಷಣಾಭಂಡಾರದಲ್ಲಿಯೂ ಇರುವಂತೆ ಕಾಣುವುದಿಲ್ಲವೆಂದು ತೋರಿಸಿದರು. ಡಿಒಐ ಎಂಬುದು ಲೇಖನಕ್ಕೆ ಕೊಡುವ ಶಾಶ್ವತ ಸಂಖ್ಯೆ. ಅದಿದ್ದರೆ ಲೇಖನವೂ ಶಾಶ್ವತವೆಂಬ ಭ್ರಾಂತಿ ನಮ್ಮ ವಿಶ್ವವಿದ್ಯಾಲಯಗಳಲ್ಲಿಯೂ ಹರಡಿದೆ. ಶಾಶ್ವತವಾದುದು ಸಂಖ್ಯೆ ಮಾತ್ರ. ಅದು ಬೆರಳು ಮಾಡಿ ತೋರಿಸುವ ಎಡೆಯಲ್ಲಿ ಲೇಖನವಿರುವಂತೆ ನೋಡಿಕೊಳ್ಳುವುದು ಬೇರೆ ಕೆಲಸ, ಅದಕ್ಕೆ ಬೇರೆ ಜನ ಬೇಕು. ಈ ಕೊರತೆಯನ್ನು ತುಂಬಲು, ಲೇಖಕರಿಂದಲೂ ಹಣ ಪಡೆಯದ ಬಡ ಪತ್ರಿಕೆಗಳನ್ನು ರಕ್ಷಣಾಭಂಡಾರಗಳಿಗೆ ಸೇರಿಸುವ ಜ್ಯಾಸ್ಪರ್ ಯೋಜನೆಯು 2020ರಲ್ಲಿ, ಕ್ಲಾಕ್ಸ್, ಇಂಟರ್ನೆಟ್ ಆರ್ಕೈವ್ ಮೊದಲಾದವುಗಳ ಸಹಕಾರದಿಂದ ಆರಂಭವಾಗಿದೆ.

ಇಷ್ಟು ದೂರದ ಮಾತನ್ನಾಡಿದ ಮೇಲೆ ನಮ್ಮ ಮನೆಯ ಸ್ಥಿತಿಯನ್ನೂ ನೋಡಬೇಕು. ಈ ಶತಮಾನದ ಮೊದಲ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಕೇಂದ್ರವಾಗಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಲಕ್ಷಾಂತರ ಗ್ರಂಥಗಳು ಸ್ಕ್ಯಾನ್ ಆದವು. ಕೆಲವು ವರ್ಷಗಳ ಬಳಿಕ ಆ ತಾಣವೇ ಸ್ಥಗಿತಗೊಂಡಿತು. ಅಷ್ಟರೊಳಗೆ ಅವುಗಳ ಪ್ರತಿಗಳನ್ನು ಇಂಟರ್ನೆಟ್ ಆರ್ಕೈವಿನಲ್ಲಿ ಇಟ್ಟವರಿದ್ದುದರಿಂದಲೇ ನಾವು ಇಂದಿಗೂ ಅವನ್ನು ಓದುತ್ತಿದ್ದೇವೆ. ಆ ಆರ್ಕೈವಾದರೂ ಅಭೇದ್ಯವೇನಲ್ಲ. 2024ರ ಅಕ್ಟೋಬರಿನಲ್ಲಿ ದುಷ್ಟರ ದಾಳಿಗೆ ಸಿಲುಕಿ ಅದು ಹಲವು ದಿನಗಳ ಕಾಲ ಮುಚ್ಚಿದ್ದಾಗ, ಅದೊಂದನ್ನೇ ನೆಚ್ಚಿದ್ದವರಿಗೆ ಜಗತ್ತಿನ ಅರ್ಧ ಗ್ರಂಥಾಲಯವೇ ಬೀಗ ಹಾಕಿದಂತಾಯಿತು. ಬೆಂಗಳೂರಿನಲ್ಲಿ ಓಂಶಿವಪ್ರಕಾಶರೂ ಅವರ ಸಂಗಡಿಗರೂ ಹಳೆಯ ಕನ್ನಡ ಪುಸ್ತಕ ಪತ್ರಿಕೆಗಳನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡಿ ಲೋಕಕ್ಕೆ ತೆರೆಯುತ್ತಿರುವ ಕಾರ್ಯವೂ, 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳ ಯಂತ್ರಚಿತ್ರಗಳಾಗಿ ತೆಗೆದಿಡುತ್ತಿರುವ ಕಾರ್ಯವೂ ಎಲಿಯಟ್ ಮತ್ತು ಫ್ಲೀಟರ ಪರಂಪರೆಯ ಯೋಗ್ಯವಾದ ಮುಂದುವರಿಕೆಗಳೇ ಸರಿ.

ಕನ್ನಡಕ್ಕೆ ಇವೆಲ್ಲದರ ಜೊತೆಗೆ ತನ್ನದೇ ಆದ ಇನ್ನೊಂದು ತೊಡಕು ಇದೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿದ್ದರೂ, ನಮ್ಮ ಡಿಟಿಪಿ ಅಂಗಡಿಗಳೂ ಮುದ್ರಣಾಲಯಗಳೂ ಬಹುಕಾಲ ಆ ಕ್ರಮವನ್ನು ಅನುಸರಿಸದೆ, ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರವನ್ನು ತೊಡಿಸಿದ ಫಾಂಟುಗಳಲ್ಲಿ ಕೆಲಸ ನಡೆಸಿದವು. ಕಣ್ಣಿಗೆ ಕನ್ನಡ, ಯಂತ್ರದ ಲೆಕ್ಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಆ ಫಾಂಟು ಇಲ್ಲದ ಗಣಕದಲ್ಲಿ ಅಂಥ ಲೇಖನವನ್ನು ತೆರೆದರೆ, ಶಾಸನಪಾಠವಿರಬೇಕಾದ ಕಡೆ ತಲೆಯ ಮೇಲೆ ಗೆರೆ ಚುಕ್ಕೆಗಳನ್ನು ಹೊತ್ತ ಯುರೋಪಿನ ಅಕ್ಷರಗಳ ಸಾಲುಗಳು ಕಾಣುತ್ತವೆ. ಫಾಂಟನ್ನು ಒಳಗೊಂಡ ಪಿಡಿಎಫ್ ಆಗಿದ್ದರೆ ಓದಲು ಬರುತ್ತದಾದರೂ, ಅದರಲ್ಲಿ ಪುರಿಗೆರೆ ಎಂಬ ಹೆಸರನ್ನು ಹುಡುಕಿದರೆ ಸಿಕ್ಕುವುದಿಲ್ಲ. ಕಡತವು ಒಂದಕ್ಷರವೂ ಕೆಡದೆ ಉಳಿದಿದ್ದು, ಓದುವ ಕೀಲಿಯೇ ಕಳೆದುಹೋಗುವ ವಿಪತ್ತು ಇದು. ಅಶೋಕನ ಶಾಸನಗಳನ್ನು ಶತಮಾನಗಳ ಕಾಲ ಎಲ್ಲರೂ ನೋಡುತ್ತಿದ್ದರೂ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಬ್ರಾಹ್ಮೀಲಿಪಿಯನ್ನು ಬಿಡಿಸುವವರೆಗೆ ಯಾರೂ ಓದಲಾರದೆ ಇದ್ದ ಸ್ಥಿತಿಗೆ, ನಮ್ಮ ಕಣ್ಣೆದುರಿನಲ್ಲಿ ಬರೆದ ಸಂಶೋಧನ ಲೇಖನಗಳು ಇಪ್ಪತ್ತೇ ವರ್ಷಗಳಲ್ಲಿ ಬಂದು ಮುಟ್ಟುವುದು ವಿದ್ಯಾವಂತರಾದ ನಮಗೆ ಭೂಷಣವಲ್ಲ.

ಈ ದೀರ್ಘವಾದ ಚರಿತ್ರೆಯಿಂದ ಹೊರಡುವ ತೀರ್ಮಾನವೇನೆಂದರೆ, ಬರಹದ ಆಯುಷ್ಯವು ಬರೆದ ವಸ್ತುವಿನ ಗಟ್ಟಿತನದ ಮೇಲೆ ನಿಂತುದಲ್ಲ. ಅದನ್ನು ಕಾಲಕಾಲಕ್ಕೆ ಹೊಸ ವಸ್ತುವಿಗೆ ಇಳಿಸುವ ಹೊಣೆಯನ್ನು ಹೊತ್ತವರು ಇದ್ದಾರೆಯೋ ಇಲ್ಲವೋ ಎಂಬುದರ ಮೇಲೆ ನಿಂತುದು. ಮುಕ್ತ ಪ್ರವೇಶದ ಆಂದೋಲನವು ಕೊಡುವ ಕೆಲಸವನ್ನು ಅಮೋಘವಾಗಿ ನೆರವೇರಿಸಿದೆ. ಕಾಯುವ ಕೆಲಸವನ್ನು ಯಾರಿಗೂ ಹೆಸರಿಟ್ಟು ಒಪ್ಪಿಸಿಲ್ಲ. ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಗಳನ್ನೂ ಪ್ರಕಾಶಕನು ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಸಾರ್ವಜನಿಕ ಗ್ರಂಥಾಲಯಗಳಿಗೂ ಕಳುಹಿಸಬೇಕೆಂದು 1954ರಷ್ಟು ಹಿಂದೆಯೇ ನಮ್ಮ ಸಂಸತ್ತು ಕಾಯಿದೆ ಮಾಡಿತು. ಆದರೆ ಆ ಕಾಯಿದೆಯ ಕಣ್ಣ ಮುಂದೆ ಇದ್ದುದು ಕಾಗದ. ಬ್ರಿಟನ್ನಿನಲ್ಲಿ 2013ರಿಂದ ಜಾಲತಾಣದ ಪ್ರಕಟಣೆಗಳೂ ಇಂಥ ನಿಯಮಕ್ಕೆ ಒಳಪಟ್ಟಿವೆ. ಇಲ್ಲಿಯೂ ಅಂಥ ಕಾಯಿದೆ ಬರುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಧಾರವಾಡದಲ್ಲಿಯೋ ಹಂಪಿಯಲ್ಲಿಯೋ ಮೈಸೂರಿನಲ್ಲಿಯೋ ಕನ್ನಡದ ಸಂಶೋಧನ ಪತ್ರಿಕೆಯೊಂದನ್ನು ತೆರೆಯುವವರು, ಲೇಖನಗಳನ್ನು ಯೂನಿಕೋಡಿನಲ್ಲಿಯೇ ಸಿದ್ಧಪಡಿಸುವುದನ್ನೂ, ಯಾರು ಬೇಕಾದರೂ ಪ್ರತಿಮಾಡಿ ಇಟ್ಟುಕೊಳ್ಳಬಹುದೆಂಬ ಅನುಮತಿಯನ್ನು ಪ್ರತಿ ಸಂಚಿಕೆಯಲ್ಲಿಯೂ ಸ್ಪಷ್ಟವಾಗಿ ಅಚ್ಚುಮಾಡುವುದನ್ನೂ, ಪ್ರತಿ ಸಂಚಿಕೆಯನ್ನು ಒಂದಕ್ಕೊಂದು ಸಂಬಂಧಪಡದ ಮೂರು ಸಂಸ್ಥೆಗಳಲ್ಲಾದರೂ ಇಡುವುದನ್ನೂ, ತಾವು ನಿವೃತ್ತರಾದ ಮೇಲೆ ಈ ಹೊಣೆ ಯಾರದೆಂಬುದನ್ನು ಹೆಸರು ಹೇಳಿ ನಿಯಮಾವಳಿಯಲ್ಲಿ ಬರೆಯುವುದನ್ನೂ ಈ ದಿನವೇ ಮಾಡಬಹುದು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಕಾಗಿಲ್ಲ. ಮೊದಲ ಸಂಚಿಕೆಯ ಬಿಡುಗಡೆಯ ಸಮಾರಂಭಕ್ಕೆ ಹಾರ, ಶಾಲು, ಫಲತಾಂಬೂಲಗಳ ಖರ್ಚನ್ನು ಆಯವ್ಯಯದಲ್ಲಿ ಬರೆಯುವ ಸಂಪಾದಕ ಮಂಡಲಿಯು, ಕಡೆಯ ಸಂಚಿಕೆ ಹೊರಬಿದ್ದ ತರುವಾಯ ಇಪ್ಪತ್ತು ವರ್ಷಗಳವರೆಗೆ ಅವನ್ನು ಕಾಪಾಡುವ ಖರ್ಚಿಗೂ ಅದೇ ಹಾಳೆಯಲ್ಲಿ ಒಂದು ಸಾಲನ್ನು ಸೇರಿಸುವುದಾದರೆ, ಆ ಪತ್ರಿಕೆಯು ತನ್ನ ಓದುಗರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬಲ್ಲುದೆಂದು ನಂಬಬಹುದು.